ಬದುಕಿ ಬಂದರೆಂದು ಗೊತ್ತಿದ್ದರೂ ಅಂಗೈ ಯಾಕೆ ಬೆವರುತ್ತದೆ?

ಪ್ರಶ್ನೆ: ನಾನು ಶಹಾಪುರದಲ್ಲಿ ಶಿಕ್ಷಕಿ. ನಾನು ಕಂಡ ದೊಡ್ಡ ಬೆಟ್ಟ ಅಂದರೆ ನಮ್ಮೂರಿನ ಬುದ್ಧ ಮಲಗಿದ ಬೆಟ್ಟ. ಹಿಮವನ್ನು ಕಣ್ಣಾರೆ ನೋಡಿಲ್ಲ. ಆದರೂ ಪರ್ವತಾರೋಹಿಗಳು ಸಾವಿನ ದವಡೆಯಿಂದ ಪಾರಾಗಿ ಬಂದ ನಿಜ ಕಥೆಗಳನ್ನು ಬಿಟ್ಟೂಬಿಡದೆ ಓದುತ್ತಿದ್ದೇನೆ. ಬರೆದವರೇ ಬದುಕಿ ಬಂದವರು, ಹಾಗಾಗಿ ಕೊನೆ ಏನೆಂದು ಮೊದಲೇ ಗೊತ್ತು. ಆದರೂ ಓದುವಾಗ ಅಂಗೈ ಬೆವರುತ್ತದೆ. “ಸಾಯಾಕ ತಾವಾಗೇ ಹೋದೋರ ಕಥಿ ಓದಿ ನಿನಗೇನ್ ಬರ್ತದವ್ವಾ?” ಅಂತ ಅತ್ತೆ ಕೇಳುತ್ತಾರೆ. ಬೇರೆಯವರ ನೋವಿನಲ್ಲಿ ಸುಖ ಪಡುತ್ತಿದ್ದೇನೆಯೇ ಎಂಬ ಅಳುಕು ನನಗೂ ಇದೆ. ಈಗ ಪಿಯುಸಿ ಓದುವ ಮಗ ಅವೇ ಪುಸ್ತಕ ಹಿಡಿದು ಹಿಮಾಲಯಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಪುಸ್ತಕ ಬಚ್ಚಿಡಲೇ?

ಉತ್ತರ (ಕಲಬುರಗಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವ ವೈದ್ಯರಿಂದ):

ಮೊದಲು ನಿಮ್ಮ ಅಂಗೈ ವಿಚಾರ ಹೇಳಿಬಿಡುತ್ತೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಹಣೆ, ಬೆನ್ನು, ಕಂಕುಳು ಬೆವರುವುದು ಮೈಯನ್ನು ತಂಪು ಮಾಡಲಿಕ್ಕೆ. ಅಂಗೈ, ಅಂಗಾಲಿನ ಬೆವರಿನ ಲೆಕ್ಕ ಬೇರೆ. ಅಲ್ಲಿನ ಗ್ರಂಥಿಗಳು ಬಿಸಿಲಿಗಿಂತ ಮನಸ್ಸಿನ ತಳಮಳಕ್ಕೆ ಬೇಗ ಓಗೊಡುತ್ತವೆ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತು, ಮಾಳಿಗೆಯ ಅಂಚಿನಲ್ಲಿ ಮಗು ಬಗ್ಗಿ ನೋಡಿದ ಕ್ಷಣ, ಅಷ್ಟು ಸಾಕು. ಆಪತ್ತಿನಲ್ಲಿ ಕೈಹಿಡಿತ ಜಾರದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು ಎಂಬ ವಿವರಣೆಯೂ ಇದೆ. ಕಥೆಯ ಕೊನೆ ನಿಮಗೆ ಗೊತ್ತಿರುತ್ತದೆ, ನಿಜ. ದೇಹಕ್ಕೆ ಕೊನೆಯ ಪುಟದ ಪರಿವೆ ಇಲ್ಲ. ಈಗ ಓದುತ್ತಿರುವ ಸಾಲಿನಲ್ಲಿ ಒಬ್ಬನ ಬೂಟಿನ ಮುಳ್ಳು ಮಂಜುಗಡ್ಡೆಯಲ್ಲಿ ಅರ್ಧ ಇಂಚು ಊರಿದೆ. ಅದು ನಿಲ್ಲುತ್ತದೋ ಜಾರುತ್ತದೋ, ದೇಹಕ್ಕೆ ಅಷ್ಟೇ ಮುಖ್ಯ.

ಈ ಕಥೆಗಳ ಸೆಳೆತವೆಲ್ಲ ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಉಸಿರಾಡುವುದು, ನೀರು ಕುಡಿಯುವುದು, ಮೈ ಬೆಚ್ಚಗಿಡುವುದು, ಹತ್ತು ಹೆಜ್ಜೆ ನಡೆಯುವುದು ಇವೆಲ್ಲ ಬದುಕಿರಲು ನಾವು ದಿನವಿಡೀ ಮಾಡುವ ಕೆಲಸಗಳು, ಮಾಡುತ್ತಿದ್ದೇವೆಂದು ಗೊತ್ತೇ ಆಗದ ಕೆಲಸಗಳು. ಎತ್ತರದ ಹಿಮದಲ್ಲಿ ಇವೊಂದೊಂದನ್ನೂ ಮನಸ್ಸು ಮಾಡಿ, ಮೈಮುರಿದು ಮಾಡಬೇಕಾಗುತ್ತದೆ. ಆ ದುಡಿಮೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಜೋ ಸಿಂಪ್ಸನ್ ಕಥೆ ನೀವು ಓದಿಯೇ ಇರುತ್ತೀರಿ. ಓದದವರಿಗಾಗಿ ಹೇಳುತ್ತೇನೆ. 1985ರಲ್ಲಿ ಸಿಂಪ್ಸನ್ ಮತ್ತು ಸೈಮನ್ ಯೇಟ್ಸ್ ಎಂಬ ಇಬ್ಬರು ಬ್ರಿಟಿಷ್ ಯುವಕರು ಪೆರು ದೇಶದ ಸಿಯುಲಾ ಗ್ರಾಂಡೆ ಎಂಬ 6,344 ಮೀಟರ್ ಎತ್ತರದ ಪರ್ವತವನ್ನು ಪಶ್ಚಿಮದ ಕಡಿದಾದ ಮುಖದಿಂದ ಹತ್ತಿದರು. ಇಳಿಯುವಾಗ ಸಿಂಪ್ಸನ್ ಬಿದ್ದ. ಮೊಣಕಾಲ ಕೆಳಗಿನ ಎಲುಬು ಕೀಲಿನೊಳಕ್ಕೇ ನುಗ್ಗಿತು. ಅಂಥ ಜಾಗದಲ್ಲಿ, ಇರುವವರು ಇಬ್ಬರೇ ಎಂದಾಗ, ಕಾಲು ಮುರಿಯಿತೆಂದರೆ ಮುಗಿಯಿತೆಂದೇ ಲೆಕ್ಕ. ಯೇಟ್ಸ್ ಬಿಟ್ಟು ಹೋಗಲಿಲ್ಲ. 150 ಅಡಿಯ ಎರಡು ಹಗ್ಗಗಳಿಗೆ ಗಂಟು ಹಾಕಿ 300 ಅಡಿ ಮಾಡಿಕೊಂಡ. ಹಿಮದಲ್ಲಿ ಗುಂಡಿ ತೋಡಿ ಕೂತು, ಗೆಳೆಯನನ್ನು ಹಂತ ಹಂತವಾಗಿ ಕೆಳಗೆ ಬಿಡತೊಡಗಿದ. ಹಗ್ಗವನ್ನು ತಡೆದು ತಡೆದು ಬಿಡಲು ಒಂದು ಲೋಹದ ಬಿಲ್ಲೆ ಇರುತ್ತದೆ. ಆ ಬಿಲ್ಲೆಯಲ್ಲಿ ಗಂಟು ತೂರುವುದಿಲ್ಲ. ಹಾಗಾಗಿ 150 ಅಡಿ ಇಳಿದ ಮೇಲೆ ಸಿಂಪ್ಸನ್ ಒಳ್ಳೆಯ ಕಾಲೂರಿ ನಿಂತು ಹಗ್ಗದ ಮೇಲಿನ ಭಾರ ತೆಗೆಯಬೇಕು, ಆಗ ಯೇಟ್ಸ್ ಗಂಟನ್ನು ಬಿಲ್ಲೆಯಾಚೆ ದಾಟಿಸಬೇಕು. ಹೀಗೆ ಬಹಳ ದೂರ ಬಂದರು. ಕತ್ತಲಾಯಿತು, ಬಿರುಗಾಳಿ ಎದ್ದಿತು. ಸಿಂಪ್ಸನ್ ಒಂದು ಅಂಚು ದಾಟಿ ಬರಿ ಗಾಳಿಯಲ್ಲಿ ನೇತಾಡಿದ. ಕಾಲೂರಲು ನೆಲವಿಲ್ಲ, ಭಾರ ತೆಗೆಯುವ ದಾರಿಯಿಲ್ಲ. ಮೇಲಿದ್ದವನಿಗೆ ಕೆಳಗೆ ಏನಾಗಿದೆ ಎಂದು ಕಾಣದು, ಕೂಗಿದರೆ ಕೇಳದು. ಎಳೆಯಲಾರ, ಬಿಡಲಾರ. ಕೂತ ಗುಂಡಿಯ ಹಿಮ ಕುಸಿಯುತ್ತಿದೆ. ಗಂಟೆಗೂ ಮೇಲೆ ಹಿಡಿದುಕೊಂಡಿದ್ದು, ಕೊನೆಗೆ ಚಾಕು ತೆಗೆದು ಹಗ್ಗ ಕೊಯ್ದ.

ಕೊಯ್ದದ್ದು ಸರಿಯೋ ತಪ್ಪೋ ಎಂದು ಜನ ಇಂದಿಗೂ ವಾದ ಮಾಡುತ್ತಾರೆ. ಬಿದ್ದ ಸಿಂಪ್ಸನ್ ಮಾತ್ರ ಗೆಳೆಯನ ಪರವಾಗಿಯೇ ನಿಂತ. ನಾನು ಆ ಪುಟಗಳಿಗೆ ಮತ್ತೆ ಮತ್ತೆ ಮರಳುವುದು ಆ ಗಂಟಿಗಾಗಿ. ಇಬ್ಬರ ಜೀವ ಉಳಿಸಲೆಂದು ಹಾಕಿದ ಗಂಟೇ ಅವರನ್ನು ಕಟ್ಟಿಹಾಕಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಅವಸರವೂ ಇಲ್ಲ. ಕಾದಂಬರಿಕಾರನಾದರೆ ಇಲ್ಲಿ ಒಂದು ಜಗಳವನ್ನೋ ದ್ರೋಹವನ್ನೋ ತಂದಿರುತ್ತಿದ್ದ.

ಬಿದ್ದವನು ಆಳವಾದ ಹಿಮಬಿರುಕಿನೊಳಗೆ ಒಂದು ಚಾಚಿನ ಮೇಲೆ ಸಿಕ್ಕಿಕೊಂಡ. ಮುರಿದ ಕಾಲಿನಲ್ಲಿ ಮೇಲೆ ಹತ್ತಲು ಆಗಲಿಲ್ಲ. ಆಗ ಅವನು ಮಾಡಿದ್ದು ಬಿರುಕಿನೊಳಗೆ ಇನ್ನೂ ಆಳಕ್ಕೆ ಇಳಿದದ್ದು! ಹಗ್ಗದ ತುದಿಗೆ ತಡೆಗಂಟನ್ನೂ ಹಾಕದೆ ಇಳಿದ. ಕೆಳಗೆ ಹಿಮದ ನೆಲ ಸಿಕ್ಕಿತು, ಅಲ್ಲಿಂದ ಬೆಳಕಿನತ್ತ ಏರುವ ಒಂದು ಇಳಿಜಾರು ಕಂಡಿತು. ಹೊರಬಂದು, ಮೂರು ದಿನ ತೆವಳುತ್ತ, ಕುಂಟುತ್ತ, ಬೀಳುತ್ತ ಬಿಡಾರದತ್ತ ಸಾಗಿದ. ಕೈಗಡಿಯಾರ ನೋಡಿಕೊಂಡು ಆ ಬಂಡೆಗೆ 20 ನಿಮಿಷ, ಅದಾದ ಮೇಲೆ ಮುಂದಿನ ಬಂಡೆಗೆ 20 ನಿಮಿಷ ಎಂದು ತನಗೆ ತಾನೇ ಗಡುವು ಹಾಕಿಕೊಂಡ. ಅವನು ಸತ್ತನೆಂದೇ ತಿಳಿದಿದ್ದ ಗೆಳೆಯರು ಬೆಳಗಾದರೆ ಬಿಡಾರ ಕಿತ್ತು ಹೊರಡುವವರಿದ್ದರು. ನಡುರಾತ್ರಿ ದಾಟಿದ ಮೇಲೆ ಅವನ ಕೂಗು ಕೇಳಿ ಹೊರಗೆ ಬಂದರು.

ಇದರಲ್ಲಿ ನಮ್ಮ ಭಾಗದ ಓದುಗರಿಗೆ ಬೇರೆಯವರಿಗಿಂತ ಹೆಚ್ಚು ಅರ್ಥವಾಗುವುದು ಬಾಯಾರಿಕೆ. ಇಳಿಯುವ ಹೊತ್ತಿಗಾಗಲೇ ಅವರ ಒಲೆಯ ಗ್ಯಾಸ್ ಮುಗಿದಿತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಹಿಮ, ಕುಡಿಯಲು ಗುಟುಕು ನೀರಿಲ್ಲ. ಹಿಮ ತಿನ್ನಬಹುದಲ್ಲ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆ ಬರಿ ಕರಗಲಿಕ್ಕೇ 80 ಕಿಲೋಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಒಲೆ ಇಲ್ಲದಿದ್ದರೆ ಆ ಶಾಖವನ್ನು ನಡುಗುತ್ತಿರುವ ಮೈಯೇ ಕೊಡಬೇಕು. ಎತ್ತರದ ಒಣ ಹವೆಯಲ್ಲಿ ಏದುಸಿರು ಬಿಟ್ಟಷ್ಟೂ ಬಾಯಿ ಮೂಗಿನಿಂದ ನೀರು ಹೋಗುತ್ತಲೇ ಇರುತ್ತದೆ. ರಕ್ತ ಮಂದವಾಗುತ್ತದೆ, ಬೆರಳ ತುದಿಗೆ ಹರಿಯುವುದು ಕಡಿಮೆಯಾಗುತ್ತದೆ. ಬಂಡೆರಾಶಿಯ ನಡುವೆ ತೆವಳುವಾಗ ಕೆಳಗೆಲ್ಲೋ ನೀರು ಹರಿಯುವ ಸದ್ದು ಸಿಂಪ್ಸನ್‌ಗೆ ಕೇಳಿಸುತ್ತದೆ, ಕೈಗೆ ಎಟಕುವುದಿಲ್ಲ. 43 ಡಿಗ್ರಿ ಬಿಸಿಲಿನಲ್ಲಿ ತೊಗರಿ ಹೊಲಗಳ ದಾರಿಯಲ್ಲಿ ಒಣ ಗಂಟಲಲ್ಲಿ ನಡೆದವರಿಗೆ ಆ ಪುಟವನ್ನು ಯಾರೂ ವಿವರಿಸಬೇಕಿಲ್ಲ.

ಹಿಮ ನೋಡದವಳಿಗೆ ಇದೆಲ್ಲ ಯಾಕೆ ತಟ್ಟುತ್ತದೆ ಎಂಬ ನಿಮ್ಮ ಬೆರಗಿಗೆ ವೈದ್ಯನಾಗಿ ನನ್ನ ಉತ್ತರ ಇದು: ಮನುಷ್ಯನ ಒಳಮೈ 37 ಡಿಗ್ರಿಯ ಆಸುಪಾಸಿನ ಒಂದು ಕಿರಿದಾದ ಓಣಿಯಲ್ಲಿ ಬದುಕುತ್ತದೆ. ಅವರು ಅದರ ಕೆಳಗಿನ ಗೋಡೆಗೆ ತಾಗುತ್ತಾರೆ, ನಾವು ಮೇಲಿನ ಗೋಡೆಗೆ. 40 ದಾಟಿದರೆ ಬಿಸಿಲಾಘಾತ, 35ಕ್ಕಿಂತ ಇಳಿದರೆ ಶೀತಾಘಾತ. ಎರಡರಲ್ಲೂ ಮೊದಲು ಕೈಕೊಡುವುದು ಬುದ್ಧಿ. ಬೇಸಿಗೆಯಲ್ಲಿ ಆಸ್ಪತ್ರೆಗೆ ಹೊತ್ತು ತರುವ ಕೂಲಿಕಾರರು ತೊದಲುತ್ತ “ಏನೂ ಆಗಿಲ್ರಿ, ಮನಿಗಿ ಹೋಗ್ತೀನಿ” ಅನ್ನುತ್ತಾರೆ, ಎದ್ದು ನಿಲ್ಲಲು ಹೋಗಿ ಕುಸಿಯುತ್ತಾರೆ. ಚಳಿಯಲ್ಲಿ ಸಾಯುತ್ತಿರುವವರು ಕೆಲವೊಮ್ಮೆ ಸೆಕೆ ಎಂದು ಅಂಗಿ ಬಿಚ್ಚುತ್ತಾರೆ.

ನೇಪಾಳದ ಅನ್ನಪೂರ್ಣ ಪರ್ವತದ ಕಥೆಯಲ್ಲಿ ಇದರ ಒಂದು ಚಿತ್ರ ಇದೆ. 1950ರ ಜೂನ್ 3ರಂದು ಫ್ರಾನ್ಸಿನ ಮೊರಿಸ್ ಎರ್ಝೋಗ್ ಮತ್ತು ಲೂಯಿ ಲಾಶ್ನಾಲ್ 8,091 ಮೀಟರಿನ ಆ ಶಿಖರ ಮುಟ್ಟಿದರು. ಮನುಷ್ಯರು ಹತ್ತಿದ ಮೊದಲ ಎಂಟು ಸಾವಿರ ಮೀಟರಿನ ಶಿಖರ ಅದು. ಇಳಿಯುವಾಗ ಎರ್ಝೋಗ್ ಚೀಲ ತೆಗೆಯಲೆಂದು ಕೈಗವಸು ಕಳಚಿ ಕೆಳಗಿಟ್ಟ. ಅವು ಉರುಳಿ ಹೋದವು. ನೋಡುತ್ತ ನಿಂತ. ಚೀಲದಲ್ಲಿ ಹೆಚ್ಚಿನ ಕಾಲುಚೀಲ ಇದ್ದವು, ಅವನ್ನೇ ಕೈಗೆ ಹಾಕಿಕೊಳ್ಳಬಹುದಿತ್ತು. ಹೊಳೆಯಲೇ ಇಲ್ಲ. ಗಾಳಿಯ ಒತ್ತಡ 5,500 ಮೀಟರಿಗೇ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಅಲ್ಲಿ ಇನ್ನೂ ಕಡಿಮೆ. ಅಂಥಲ್ಲಿ ಬುದ್ಧಿವಂತನೂ ಮಗುವಿಗೆ ಹೊಳೆಯುವ ಉಪಾಯವನ್ನು ಮರೆಯುತ್ತಾನೆ. ಮುಂದೆ ಮಳೆಗಾಲದ ಜಡಿಯಲ್ಲಿ ಅವನನ್ನು ಹೊತ್ತು ಇಳಿಸುವಾಗ, ಆಮೇಲೆ ನಮ್ಮದೇ ದೇಶದ ರೈಲಿನಲ್ಲಿ, ತಂಡದ ವೈದ್ಯ ಜಾಕ್ ಊದೋ ಇಬ್ಬರ ಕೊಳೆತ ಬೆರಳುಗಳನ್ನು ಕತ್ತರಿಸುತ್ತ ಹೋದ. ಕಾಲುಚೀಲದ ಆ ಒಂದು ಸಾಲು ಓದಿದಾಗ “ಹಾಕ್ಕೋ, ಚೀಲದಾಗ ಅದಾವಲ್ಲ!” ಎಂದು ಕೂಗಬೇಕೆನಿಸುತ್ತದೆ. ಕೂಗಿದರೂ ಆತನಿಗೆ ಕೇಳದು. ಕಟ್ಟುಕಥೆಯಲ್ಲಿ ಲೇಖಕ ಮನಸ್ಸು ಬದಲಿಸಬಹುದಿತ್ತು ಎಂಬ ಒಂದು ಸಂದು ಉಳಿದಿರುತ್ತದೆ. ಇಲ್ಲಿ ಅದು ಮುಚ್ಚಿಹೋಗಿದೆ. ನಿಜ ಕಥೆ ಎದೆಗೆ ನಾಟುವುದು ಅದಕ್ಕೇ.

ಆದರೆ ನಿಜ ಎಂದರೆ ಎಷ್ಟು ನಿಜ? ಇದನ್ನೂ ನೀವು ಮನಸ್ಸಿನಲ್ಲಿಟ್ಟು ಓದಬೇಕು. ಎರ್ಝೋಗ್ ಆಸ್ಪತ್ರೆಯ ಹಾಸಿಗೆಯಲ್ಲಿ ಹೇಳಿ ಬರೆಸಿದ ಕಥೆ ಜಗತ್ತಿನಾದ್ಯಂತ ಓಡಿತು. ಅದರಲ್ಲಿ ತ್ಯಾಗ, ಸ್ನೇಹ, ದೇಶದ ಕೀರ್ತಿ ತುಂಬಿ ತುಳುಕುತ್ತವೆ. ಲಾಶ್ನಾಲ್ 1955ರಲ್ಲಿ ಆಲ್ಪ್ಸ್‌ನ ಹಿಮಬಿರುಕಿಗೆ ಬಿದ್ದು ತೀರಿಕೊಂಡ. ಅವನ ಟಿಪ್ಪಣಿಗಳಿಗೆ ಮೊದಲು ಕತ್ತರಿ ಬಿತ್ತು, ಪೂರ್ತಿಯಾಗಿ ಹೊರಬಂದದ್ದು 1996ರಲ್ಲಿ. ತಾನೊಬ್ಬನೇ ಆಗಿದ್ದರೆ ಕಾಲಿನ ಚಿಂತೆಗೆ ಹಿಂದಿರುಗುತ್ತಿದ್ದೆ, ಎರ್ಝೋಗ್ ಒಬ್ಬನೇ ಹೋದರೆ ವಾಪಸ್ ಬರುವುದಿಲ್ಲ ಎನಿಸಿದ್ದರಿಂದ ಜೊತೆಗೆ ಹೋದೆ ಎಂಬ ಅರ್ಥದ ಮಾತು ಅದರಲ್ಲಿದೆ. ನನಗೆ ಎರಡನೆಯ ಕಥೆಯೇ ದೊಡ್ಡದಾಗಿ ಕಾಣುತ್ತದೆ. ಬಾವುಟದ ಮಾತಿಲ್ಲದೆ, ತನ್ನ ಕಾಲ್ಬೆರಳು ಹೋಗುತ್ತವೆಂದು ಬಲ್ಲವನೊಬ್ಬ ಜೊತೆಗಾರನಿಗಾಗಿ ಮುಂದೆ ನಡೆದಿದ್ದಾನೆ. ಆದ್ದರಿಂದ ಒಂದು ದುರಂತದ ಬಗ್ಗೆ ಒಂದೇ ಪುಸ್ತಕ ಓದಿ ಸುಮ್ಮನಾಗಬೇಡಿ. ಅದೇ ಹಗ್ಗದ ಇನ್ನೊಂದು ತುದಿಯಲ್ಲಿದ್ದವರು ಏನಾದರೂ ಬರೆದಿದ್ದಾರೆಯೇ ಎಂದು ಹುಡುಕಿ.

ಬರೆಯಲಾಗದವರೂ ಇದ್ದಾರೆ. 1934ರಲ್ಲಿ ಹಿಮಾಲಯದ ನಂಗಾ ಪರ್ಬತ್‌ನಲ್ಲಿ ಬಿರುಗಾಳಿಗೆ ಸಿಕ್ಕಿದ ಜರ್ಮನ್ ತಂಡದಲ್ಲಿ ಗೇಲೇ ಎಂಬ ಶೆರ್ಪಾ ಇದ್ದ. ನಾಯಕ ವಿಲ್ಲಿ ಮೆರ್ಕ್ಲ್ ನಡೆಯಲಾರದೆ ಕುಸಿದಾಗ ಗೇಲೇ ಅವನ ಬಳಿಯೇ ಉಳಿದ. 1938ರಲ್ಲಿ ಇಬ್ಬರ ದೇಹಗಳೂ ಒಂದೇ ಕಡೆ ಸಿಕ್ಕವು. ಗೇಲೇ ಏನೆಂದುಕೊಂಡು ಉಳಿದ ಎಂಬುದನ್ನು ಯಾರೂ ಬರೆದಿಡಲಿಲ್ಲ. ಪರ್ವತದ ಸಾಹಿತ್ಯ ಹೆಚ್ಚಾಗಿ ಕೂಲಿ ಕೊಟ್ಟು ಹೊರೆ ಹೊರಿಸಿದವರ ಸಾಹಿತ್ಯ. ಹೊರೆ ಹೊತ್ತವರ ಕಥೆ ಅದರ ಸಾಲುಗಳ ನಡುವೆ ಇರುತ್ತದೆ, ಅಲ್ಲಿ ಹುಡುಕಿ ಓದಬೇಕು.

ಈಗ ನಿಮ್ಮ ಅಳುಕಿಗೆ ಬರುತ್ತೇನೆ. ಪಾಂಡವರ ಮಹಾಪ್ರಸ್ಥಾನ ನಿಮ್ಮ ಅತ್ತೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಿಮಾಲಯದ ಹಾದಿಯಲ್ಲಿ ದ್ರೌಪದಿ ಮೊದಲು ಬೀಳುತ್ತಾಳೆ. ಯಾಕೆ ಬಿದ್ದಳು ಎಂದು ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಪಕ್ಷಪಾತವಿತ್ತು ಎಂದು ಧರ್ಮರಾಯ ಉತ್ತರಿಸುತ್ತಾನೆ. ಸಹದೇವನಿಗೆ ಜ್ಞಾನದ ಗರ್ವ, ನಕುಲನಿಗೆ ರೂಪದ ಗರ್ವ, ಅರ್ಜುನನಿಗೆ ಪರಾಕ್ರಮದ ಗರ್ವ. ಒಬ್ಬೊಬ್ಬರ ಬೀಳುವಿಕೆಗೂ ಒಂದೊಂದು ಕಾರಣ ಹೇಳಿ, ತಿರುಗಿ ನೋಡದೆ ನಡೆಯುತ್ತಾನೆ. ಪರ್ವತದ ಕಥೆ ಓದುವಾಗ ನಾವೂ ಭೀಮನ ಪ್ರಶ್ನೆಯನ್ನೇ ಕೇಳುತ್ತೇವೆ, ಧರ್ಮರಾಯನ ಉತ್ತರಕ್ಕೇ ಹಾತೊರೆಯುತ್ತೇವೆ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಎದ್ದ ಬಿರುಗಾಳಿಯಲ್ಲಿ, ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಮೂವರೂ ಸೇರಿ ಎಂಟು ಮಂದಿ ಸತ್ತರು. ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಹಲವರು ಶಿಖರದತ್ತ ನಡೆದೇ ಇದ್ದರು. ಅದು ನಿಜವಾದ ಕಾರಣಗಳಲ್ಲಿ ಒಂದು, ಅದರಿಂದ ಕಲಿಯುವುದಿದೆ. ಆದರೆ ಸತ್ತವರ ತಪ್ಪು ಸಿಕ್ಕ ಕೂಡಲೇ ನಮಗೊಂದು ನೆಮ್ಮದಿ ಆಗುತ್ತದಲ್ಲ, ಅವರು ಹಾಗೆ ಮಾಡಿದರು ಅದಕ್ಕೇ ಸತ್ತರು, ನಾವಾಗಿದ್ದರೆ ಮಾಡುತ್ತಿರಲಿಲ್ಲ ಎಂದು? ಆ ನೆಮ್ಮದಿಯ ಬಗ್ಗೆ ಎಚ್ಚರವಿರಲಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ರಾಜ್ಯದ ಒಂಬತ್ತು ಚಾರಣಿಗರು ಕೆಟ್ಟ ಹವೆಗೆ ಸಿಕ್ಕಿ ತೀರಿಕೊಂಡರು. ದೇಹಗಳು ಊರಿಗೆ ಬರುವ ಮೊದಲೇ ಎಷ್ಟೋ ಜನ ತೀರ್ಪು ಕೊಟ್ಟಾಗಿತ್ತು. ನನಗೆ ಅದು ಬಹಳ ನೋವು ಕೊಟ್ಟಿತು.

ನೋವಿನಲ್ಲಿ ಸುಖ ಪಡುವುದು ಎಂಬ ಮಾತು ಹೊಂದುವುದು ಅಂಥ ತೀರ್ಪಿಗೆ. ಅಂಗೈ ಬೆವರಿ ಓದುವವರು ಅವರ ಜೊತೆ ನಿಂತವರು. ಇದನ್ನು ಒಪ್ಪಲು ಕಷ್ಟವಾದರೆ 2016ರ ಫೆಬ್ರವರಿಯನ್ನು ನೆನೆಯಿರಿ. ಸಿಯಾಚಿನ್‌ನಲ್ಲಿ ಫೆಬ್ರವರಿ 3ರಂದು 19,000 ಅಡಿಗೂ ಎತ್ತರದ ಕಾವಲು ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರು ದಿನದ ಮೇಲೆ, ಎಲ್ಲರೂ ಆಸೆ ಬಿಟ್ಟಿದ್ದಾಗ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ನಮ್ಮೂರುಗಳ ಗುಡಿ, ದರ್ಗಾ, ಚರ್ಚುಗಳಲ್ಲಿ ಜನ ಅವರಿಗಾಗಿ ಬೇಡಿಕೊಂಡರು. ದಿಲ್ಲಿಯ ವೈದ್ಯರ ಪ್ರಕಟಣೆ ಓದಿದಾಗ ನನಗೆ ಭಯವಾಯಿತು. ಮೂತ್ರಪಿಂಡ, ಯಕೃತ್ತು ಸೋತಿದ್ದವು. ತಣ್ಣಗಾಗಿದ್ದ ಅಂಗಗಳಿಗೆ ಮತ್ತೆ ರಕ್ತ ಹರಿಯತೊಡಗಿದಾಗ ಅಲ್ಲಿ ಕೂಡಿದ ವಿಷಗಳು ಮೈಗೆಲ್ಲ ಹರಡುತ್ತವೆ. ಹೊರತೆಗೆದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. 11ರಂದು ಅವರು ಹೋದರು. ಆ ಮೂರು ದಿನ ಟಿವಿ ಮುಂದೆ ಕೂತ ಅಜ್ಜಿಯರನ್ನು ಯಾರಾದರೂ ಬೇರೆಯವರ ನೋವಿನಲ್ಲಿ ಸುಖ ಪಟ್ಟರು ಎನ್ನುತ್ತಾರೆಯೇ? ನಿಮ್ಮ ಅತ್ತೆಯವರೂ ಕೂತಿದ್ದಿರಬಹುದು, ಕೇಳಿ ನೋಡಿ.

ಅವರ ಪ್ರಶ್ನೆಯಲ್ಲಿ ಒಂದು ತೂಕದ ಮಾತಿದೆ, ಅದನ್ನು ತಳ್ಳಿಹಾಕಲಾರೆ. ಹನುಮಂತಪ್ಪನವರು ಕರ್ತವ್ಯದ ಮೇಲೆ ಹೋದವರು, ಈ ಪರ್ವತಾರೋಹಿಗಳು ಇಷ್ಟಪಟ್ಟು ಹೋದವರು. ಹೋದದ್ದು ಸರಿಯೇ ಎಂಬ ಪ್ರಶ್ನೆಗೆ, ಮನೆಯಲ್ಲಿ ಕಾಯುವ ಹೆಂಡತಿ ಮಕ್ಕಳನ್ನು ಎದುರಿಗೆ ಇಟ್ಟುಕೊಂಡು, ನನ್ನಲ್ಲಿ ಉತ್ತರವಿಲ್ಲ. ಆದರೆ ಹೋದ ಮೇಲೆ ಅವರು ಒಬ್ಬರಿಗೊಬ್ಬರು ಏನಾದರು ಎಂಬುದು ಬೇರೆ ಮಾತು. 1953ರಲ್ಲಿ 8,611 ಮೀಟರಿನ ಕೆ2 ಪರ್ವತದಲ್ಲಿ ಅಮೆರಿಕದ ತಂಡದ ಆರ್ಟ್ ಗಿಲ್ಕಿ ಎಂಬುವನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಅಷ್ಟು ಎತ್ತರದಿಂದ ಒಬ್ಬನನ್ನು ಹೊತ್ತು ಇಳಿಸುವುದು ಆಗದ ಮಾತೆಂದು ತಂಡದ ನಾಯಕ, ಸ್ವತಃ ವೈದ್ಯ, ಚಾರ್ಲ್ಸ್ ಹೂಸ್ಟನ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನನ್ನು ಮಲಗುವ ಚೀಲದಲ್ಲಿ ಸುತ್ತಿ ಹೊರಟರು. ಆಗಸ್ಟ್ 10ರಂದು ಐವರು ಒಬ್ಬರ ಮೇಲೊಬ್ಬರು ಜಾರಿ ಹಗ್ಗಗಳು ಸಿಕ್ಕಾದವು. ಮೇಲೆ ಪೀಟ್ ಶೋನಿಂಗ್ ಒಬ್ಬನೇ ಬಂಡೆಯ ಸಂದಿಗೆ ಸಿಕ್ಕಿಸಿದ ಹಿಮಗೊಡಲಿಗೆ ಹಗ್ಗ ಸುತ್ತಿ, ಗಿಲ್ಕಿಯೂ ಸೇರಿ ಆರು ಜನರ ಭಾರವನ್ನು ತಡೆದು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ, ಇಳಿಜಾರಿನಲ್ಲಿ ಕಟ್ಟಿ ಇರಿಸಿದ್ದ ಗಿಲ್ಕಿ ಕಾಣೆಯಾದ. ಉಳಿದವರು ಜೀವಂತ ಇಳಿದರು. ಅತ್ತೆಯವರಿಗೆ ಈ ಕಥೆಯನ್ನು ಒಂದು ಸಂಜೆ ಬಾಯಿಮಾತಿನಲ್ಲಿ ಹೇಳಿ. ಶೋನಿಂಗ್ ಹಗ್ಗ ಹಿಡಿದ ಕಡೆ ಬಂದಾಗ ಅವರ ಅಂಗೈ ಮುಟ್ಟಿ ನೋಡಿ.

ಮಗನ ವಿಚಾರ. ಪುಸ್ತಕ ಬಚ್ಚಿಡಬೇಡಿ. ಬಚ್ಚಿಟ್ಟರೆ ಅವನಿಗೆ ಉಳಿಯುವುದು ಶಿಖರದ ಮೇಲೆ ಕೈ ಎತ್ತಿ ನಿಂತ ಫೋಟೋ ಮಾತ್ರ. ಕೈಗವಸು ಉರುಳಿದ್ದು, ಗ್ಯಾಸ್ ಮುಗಿದದ್ದು ಫೋಟೋದಲ್ಲಿ ಕಾಣುವುದಿಲ್ಲ. ಕಲಿಯಬೇಕೆಂದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಸುಮಾರು ನಾಲ್ಕು ವಾರದ ಮೂಲ ತರಬೇತಿ ಇದೆ. ತರಬೇತಿ ಎಂದರೆ ಅಪಾಯವೇ ಇಲ್ಲ ಎಂದು ಹೇಳಲಾರೆ. 2022ರ ಅಕ್ಟೋಬರ್ 4ರಂದು ಅದೇ ಸಂಸ್ಥೆಯ ತಂಡ ದ್ರೌಪದಿ ಕಾ ಡಾಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಇದನ್ನೂ ಅವನಿಗೆ ಹೇಳಿ.

ಅದಕ್ಕೂ ಮೊದಲು ಮುಖ್ಯವಾದದ್ದು ಎತ್ತರಕ್ಕೆ ಮೈ ಒಗ್ಗಿಸುವುದು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಯಾದಗಿರಿಯಲ್ಲಿ ರೈಲು ಹತ್ತಿದ ಹುಡುಗ ನಾಲ್ಕನೇ ದಿನಕ್ಕೆ 4,000 ಮೀಟರಿನಲ್ಲಿ ಡೇರೆ ಹಾಕಬಾರದು. 3,000 ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ತಲೆನೋವು, ಓಕರಿಕೆ ಬಂದರೆ ಮೇಲೆ ಹೋಗುವಂತಿಲ್ಲ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಆಗಲೇ ಕೆಳಗಿಳಿಸಬೇಕು. ಬೆಳಗಾಗಲಿ ನೋಡೋಣ ಎಂದವರಲ್ಲಿ ಹಲವರಿಗೆ ಬೆಳಗಾಗಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ಅವನನ್ನು ನಿಮ್ಮೂರ ಬೆಟ್ಟಕ್ಕೇ ಕಳಿಸಿ. ಹೊರಡುವ ಮೊದಲು ಒಂದೇ ಪ್ರಶ್ನೆ ಕೇಳಿ: “ಎಷ್ಟು ಗಂಟೆಗೆ ಹಿಂದಕ್ಕ ತಿರುಗ್ತಿ?” ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಹಾಗೆ, ಬೆಟ್ಟಕ್ಕೂ ಒಂದು ಹೊತ್ತು ಇರುತ್ತದೆ, ಕೆಲಸ ಉಳಿದಿದ್ದರೂ ಬಿಟ್ಟು ಏಳಬೇಕಾದ ಹೊತ್ತು. ಅವನು ಒಂದು ಗಂಟೆ ಹೇಳಲಿ, ಅದನ್ನು ನೀವು ಬರೆದಿಟ್ಟುಕೊಳ್ಳಿ. ತುದಿ ಮುಟ್ಟಿದನೋ ಇಲ್ಲವೋ ಎಂದು ಕೇಳಬೇಡಿ, ಹೇಳಿದ ಹೊತ್ತಿಗೆ ತಿರುಗಿದನೋ ಎಂದಷ್ಟೇ ಕೇಳಿ. ಇನ್ನೂರು ಹೆಜ್ಜೆ ಬಾಕಿ ಇದ್ದಾಗಲೂ ತಿರುಗಿ ಬರುವುದು ಅವನಿಗೆ ರೂಢಿಯಾದರೆ, ಉತ್ತರಕಾಶಿಯ ಅರ್ಜಿ ತುಂಬಲು ನಾನೇ ನೆರವಾಗುತ್ತೇನೆ.